ಧಾತುಗಳಿಗೆ ಮನೆ ಕಟ್ಟಿದ ಮೇಷ್ಟ್ರು: ಡಿಮಿಟ್ರಿ ಮೆಂಡಲೀವ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನದ ಕುರಿತು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದ ಪ್ರತಿಯೊಬ್ಬರೂ ಒಮ್ಮೆಯಾದರೂ ಉತ್ತರ ಪತ್ರಿಕೆಯಲ್ಲಿ ಬರೆದಿರುವ, ಪರೀಕ್ಷೆ ಮುಗಿದ ಮೇಲೆ ಬಹುಮಟ್ಟಿಗೆ ಮರೆತುಬಿಟ್ಟಿರುವ ಒಂದು ಹೆಸರನ್ನು ಆರಿಸಿಕೊಂಡೆ. ಅದು ರಷ್ಯಾದ ರಸಾಯನ ವಿಜ್ಞಾನಿ ಡಿಮಿಟ್ರಿ ಇವಾನೊವಿಚ್ ಮೆಂಡಲೀವ್ ಅವರ ಹೆಸರು. ವಿಜ್ಞಾನದ ಮೇಷ್ಟ್ರಾಗಿ ನಾನು ಎಷ್ಟೋ ವರ್ಷ ಈ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆದು, ಅದರ ಕೆಳಗೆ ಆವರ್ತ ನಿಯಮವನ್ನು ಬರೆದು ಅಡಿಗೆರೆ ಎಳೆದಿದ್ದೇನೆ. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಆ ಮನುಷ್ಯನ ಬದುಕನ್ನು ಹೇಳಲು ಒಂದು ಪೀರಿಯಡ್ಡು ಎಂದೂ ಸಾಲಲಿಲ್ಲ.

ಶಾಲೆಯ ಸಂಚಿಕೆಯಲ್ಲಿ ಅವರ ಕಥೆ ಬರಬೇಕೆಂದು ನನಗೆ ಅನ್ನಿಸಲು ಇನ್ನೊಂದು ಕಾರಣವಿದೆ. ಅವರು ಹೆಡ್‌ಮಾಸ್ಟರೊಬ್ಬರ ಮಗ. ಓದಿದ್ದು ಮೇಷ್ಟ್ರುಗಳನ್ನು ತಯಾರು ಮಾಡುವ ಸಂಸ್ಥೆಯಲ್ಲಿ. ಮೊದಲ ಕೆಲಸ ಹೈಸ್ಕೂಲು ಮೇಷ್ಟ್ರ ಕೆಲಸ. ಅವರನ್ನು ಜಗತ್ತಿಗೆ ಪರಿಚಯಿಸಿದ ಕಂಡುಹಿಡಿತವಾದರೂ ಪ್ರಯೋಗಾಲಯದ ಗಾಜಿನ ಕೊಳವೆಯಿಂದ ಬಂದದ್ದಲ್ಲ. ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಬರೆಯಲು ಕುಳಿತಾಗ ಎದುರಾದ ಒಂದು ತೊಡಕಿನಿಂದ ಬಂದದ್ದು.

ಮೆಂಡಲೀವ್ ಹುಟ್ಟಿದ್ದು 1834ರ ಫೆಬ್ರವರಿ 8ರಂದು, ಸೈಬೀರಿಯದ ಟೊಬೊಲ್‌ಸ್ಕ್ ಎಂಬ ಊರಿನಲ್ಲಿ. ಹತ್ತಕ್ಕೂ ಹೆಚ್ಚು ಮಕ್ಕಳ ತುಂಬು ಸಂಸಾರದಲ್ಲಿ ಅವನೇ ಕಡೆಯವನು. ತಂದೆ ಇವಾನ್ ಪಾವ್ಲೊವಿಚ್ ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥರು. ಮಗ ಹುಟ್ಟಿದ ವರ್ಷವೇ ತಂದೆಗೆ ಕಣ್ಣಿನಲ್ಲಿ ಪೊರೆ ಬೆಳೆದು ದೃಷ್ಟಿ ಹೋಯಿತು. ದೃಷ್ಟಿಯ ಜೊತೆಗೆ ಕೆಲಸವೂ ಹೋಯಿತು. ಸರ್ಕಾರ ಕೊಡುತ್ತಿದ್ದ ಸಣ್ಣ ಪಿಂಚಣಿ ಅಷ್ಟು ದೊಡ್ಡ ಮನೆಗೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಆಗ ಮನೆಯ ನೊಗಕ್ಕೆ ಹೆಗಲು ಕೊಟ್ಟವರು ತಾಯಿ ಮಾರಿಯಾ ಡಿಮಿಟ್ರಿಯೆವ್ನಾ. ಟೊಬೊಲ್‌ಸ್ಕ್ ಸಮೀಪದ ಹಳ್ಳಿಯಲ್ಲಿ ಅವರ ತವರಿನವರದೊಂದು ಗಾಜಿನ ಕಾರ್ಖಾನೆ ಇತ್ತು. ಆಕೆ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಕಾರ್ಖಾನೆಯನ್ನು ತಾವೇ ನಡೆಸಿದರು. ಮರಳು ಮತ್ತು ಕ್ಷಾರ ಕುಲುಮೆಯಲ್ಲಿ ಕರಗಿ ಗಾಜಾಗುವುದನ್ನು ಬಾಲಕ ಡಿಮಿಟ್ರಿ ನೋಡುತ್ತಾ ಬೆಳೆದ. ಒಂದು ವಸ್ತು ಬೆಂಕಿಯಲ್ಲಿ ಇನ್ನೊಂದಾಗುವ ಪಾಠ ಅವನಿಗೆ ಅಕ್ಷರಾಭ್ಯಾಸದ ಕಾಲದಲ್ಲೇ ಆಯಿತು ಎನ್ನಬಹುದು. ಚಕ್ರವರ್ತಿಯ ವಿರುದ್ಧ ದಂಗೆ ಎದ್ದು ಸೈಬೀರಿಯಕ್ಕೆ ಗಡಿಪಾರಾಗಿದ್ದ ವಿದ್ಯಾವಂತರು ಆ ಊರಲ್ಲಿದ್ದರು. ಅವರಲ್ಲಿ ಒಬ್ಬರಾದ ಬಸಾರ್ಗಿನ್ ಅವರನ್ನು ಡಿಮಿಟ್ರಿಯ ಅಕ್ಕ ಓಲ್ಗಾ ಮದುವೆಯಾಗಿದ್ದಳು. ಶಾಲೆಯ ಲ್ಯಾಟಿನ್ ಪಾಠ ಹುಡುಗನ ತಲೆಗೆ ಹತ್ತಲಿಲ್ಲ. ಲೆಕ್ಕ ಮತ್ತು ಭೌತಶಾಸ್ತ್ರ ಹತ್ತಿದವು.

1847ರಲ್ಲಿ ತಂದೆ ತೀರಿಕೊಂಡರು. 1848ರಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಇನ್ನು ಯಾರಾದರೂ ಆಗಿದ್ದರೆ ಉಳಿದ ಮಗನನ್ನು ಎಲ್ಲಾದರೂ ಗುಮಾಸ್ತಿಕೆಗೆ ಸೇರಿಸಿ ನಿಟ್ಟುಸಿರು ಬಿಡುತ್ತಿದ್ದರು. ಈ ತಾಯಿ ಹಾಗೆ ಮಾಡಲಿಲ್ಲ. 1849ರಲ್ಲಿ ಕೈಯಲ್ಲಿದ್ದುದನ್ನೆಲ್ಲ ಒಟ್ಟುಗೂಡಿಸಿ, ಡಿಮಿಟ್ರಿಯನ್ನೂ ಮಗಳು ಎಲಿಜವೆಟಾಳನ್ನೂ ಕರೆದುಕೊಂಡು ಮಾಸ್ಕೋ ಕಡೆಗೆ ಹೊರಟರು. ಆಗ ಸೈಬೀರಿಯಕ್ಕೆ ರೈಲು ಇರಲಿಲ್ಲ. ಸುಮಾರು 2000 ಕಿಲೋಮೀಟರ್ ದೂರವನ್ನು ಕುದುರೆಗಾಡಿಯಲ್ಲಿ ಕ್ರಮಿಸಬೇಕು. ಅಷ್ಟು ದೂರ ಹೋದ ಮೇಲೆ, ಹುಡುಗ ಬೇರೆ ಶಿಕ್ಷಣ ವಲಯದವನೆಂಬ ಕಾರಣಕ್ಕೆ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶ ಸಿಗಲಿಲ್ಲ. ತಾಯಿ ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ನಡೆದರು. 1850ರಲ್ಲಿ, ಒಂದು ಕಾಲಕ್ಕೆ ತಂದೆಯೇ ಓದಿದ್ದ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ, ತಂದೆಯ ಹಳೆಯ ಸ್ನೇಹಿತರ ಸಹಾಯದಿಂದ ಮಗನಿಗೆ ಸೀಟು ದೊರೆಯಿತು. ಊಟ ವಸತಿಯ ಖರ್ಚು ಸರ್ಕಾರದ್ದು. ಓದು ಮುಗಿದ ಮೇಲೆ ಮೇಷ್ಟ್ರಾಗಿ ದುಡಿದು ಋಣ ತೀರಿಸಬೇಕು. ಮಗನನ್ನು ಸಂಸ್ಥೆಗೆ ಸೇರಿಸಿದ ಆ ವರ್ಷವೇ ತಾಯಿ ಕಣ್ಣು ಮುಚ್ಚಿದರು. ಎಷ್ಟೋ ವರ್ಷಗಳ ನಂತರ, 1887ರಲ್ಲಿ, ದ್ರಾವಣಗಳ ಬಗ್ಗೆ ಬರೆದ ದೊಡ್ಡ ಗ್ರಂಥವನ್ನು ಮೆಂಡಲೀವ್ ತಾಯಿಯ ನೆನಪಿಗೆ ಅರ್ಪಿಸಿದರು.

1855ರಲ್ಲಿ ಚಿನ್ನದ ಪದಕದೊಡನೆ ಓದು ಮುಗಿಯಿತು. ಆದರೆ ಆರೋಗ್ಯ ಕೆಟ್ಟಿತ್ತು. ಕ್ಷಯ ಇರಬೇಕೆಂದು ವೈದ್ಯರು ಬೆಚ್ಚಗಿನ ದಕ್ಷಿಣಕ್ಕೆ ಹೋಗಲು ಹೇಳಿದರು. ಕ್ರಿಮಿಯಾದ ಸಿಂಫೆರೊಪೋಲ್ ಎಂಬಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತಾದರೂ ಯುದ್ಧದ ಕಾರಣ ಶಾಲೆ ಮುಚ್ಚಿತ್ತು. ಬಳಿಕ ಒಡೆಸ್ಸಾದ ಹೈಸ್ಕೂಲಿನಲ್ಲಿ ಪಾಠ ಹೇಳಿದರು. ರೋಗ ಅಷ್ಟು ಗಂಭೀರವಲ್ಲವೆಂದು ತಿಳಿದ ಮೇಲೆ ಪೀಟರ್ಸ್‌ಬರ್ಗಿಗೆ ಮರಳಿ ಹೆಚ್ಚಿನ ಪದವಿ ಪಡೆದು, 1859ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿಗೆ ಸಂಶೋಧನೆಗೆಂದು ಹೋದರು.

ಈಗ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಆ ಕಾಲದ ರಸಾಯನ ವಿಜ್ಞಾನದ ಸ್ಥಿತಿಯನ್ನು ಹೇಳಬೇಕು. ಇಲ್ಲದಿದ್ದರೆ ಮೆಂಡಲೀವ್ ಬಿಡಿಸಿದ ಗಂಟು ಯಾವುದು ಎಂಬುದು ತಿಳಿಯುವುದಿಲ್ಲ.

ಧಾತು ಎಂದರೇನು? ನಮ್ಮ ಶಾಲೆಯ ಮೊದಲ ತಂಡಗಳವರು ಇದನ್ನು ಮೂಲವಸ್ತು ಎಂದು ಓದಿದ್ದಾರೆ. ಈಚಿನವರು ಧಾತು ಎನ್ನುತ್ತಾರೆ. ನಮ್ಮ ಹಿರಿಯರು ಮಣ್ಣು, ನೀರು, ಬೆಂಕಿ, ಗಾಳಿ, ಆಕಾಶವೆಂಬ ಪಂಚಭೂತಗಳನ್ನು ಹೇಳಿದರು; ಗ್ರೀಕರು ಮೊದಲ ನಾಲ್ಕನ್ನು ಹೇಳಿದರು. 1789ರಲ್ಲಿ ಫ್ರಾನ್ಸಿನ ಲೆವಾಸಿಯೆ ಒಂದು ಕೆಲಸಕ್ಕೆ ಬರುವ ಒರೆಗಲ್ಲನ್ನು ಕೊಟ್ಟರು. ಯಾವ ವಸ್ತುವನ್ನು ನಮ್ಮ ಕೈಲಿರುವ ಯಾವ ವಿಧಾನದಿಂದಲೂ ಇನ್ನೂ ಸರಳ ವಸ್ತುಗಳಾಗಿ ಒಡೆಯಲು ಆಗುವುದಿಲ್ಲವೋ ಅದನ್ನು ಸದ್ಯಕ್ಕೆ ಧಾತು ಎಂದುಕೊಳ್ಳೋಣ ಎಂಬುದು ಅದರ ತಿರುಳು. ಅದರಂತೆ 33 ವಸ್ತುಗಳ ಪಟ್ಟಿ ಮಾಡಿದರು. ನೀರು ಆ ಪಟ್ಟಿಯಲ್ಲಿ ಇರಲಿಲ್ಲ. ಅದು ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ಆದದ್ದೆಂದು ಆ ಹೊತ್ತಿಗೆ ಗೊತ್ತಾಗಿತ್ತು. ಆದರೆ ಸುಣ್ಣ ಇತ್ತು. ಬೆಳಕೂ ಶಾಖವೂ ಇದ್ದವು. 1808ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ವಿದ್ಯುತ್ತಿನ ಸಹಾಯದಿಂದ ಸುಣ್ಣದೊಳಗಿನಿಂದ ಕ್ಯಾಲ್ಸಿಯಂ ಎಂಬ ಲೋಹವನ್ನು ಬೇರೆ ಮಾಡಿದಾಗ ಸುಣ್ಣ ಪಟ್ಟಿಯಿಂದ ಹೊರಬಿತ್ತು. ಅಂದರೆ ಈ ಒರೆಗಲ್ಲು ಒಳ್ಳೆಯದೇ, ಆದರೆ ಪೂರ್ಣವಲ್ಲ. ಇಂದು ಒಡೆಯಲಾಗದ್ದು ನಾಳೆ ಒಡೆಯಬಹುದು. ಒಂದು ವಸ್ತುವನ್ನು ಅದು ಏನು ಎಂಬುದರಿಂದ ಗುರುತಿಸದೆ, ನಮಗೆ ಏನು ಮಾಡಲಾಗಲಿಲ್ಲ ಎಂಬುದರಿಂದ ಗುರುತಿಸಿದ ಹಾಗೆ ಇದು.

ಆಮೇಲೆ ಡಾಲ್ಟನ್ ಪ್ರತಿ ಧಾತುವಿಗೂ ತನ್ನದೇ ತೂಕದ ಪರಮಾಣು ಇದೆ ಎಂದರು. ಅಲ್ಲಿಗೆ ಧಾತುವಿಗೊಂದು ಸ್ವಂತ ಗುರುತು ಸಿಕ್ಕಂತಾಯಿತು. ಆದರೆ ಆ ತೂಕಗಳ ಲೆಕ್ಕದಲ್ಲಿ ಅರ್ಧ ಶತಮಾನ ಗೊಂದಲವಿತ್ತು. ಆಕ್ಸಿಜನ್ ತೂಕ ಒಬ್ಬರಿಗೆ 8, ಇನ್ನೊಬ್ಬರಿಗೆ 16. ಕಾರ್ಬನ್ ಒಬ್ಬರಿಗೆ 6, ಇನ್ನೊಬ್ಬರಿಗೆ 12. ಒಂದೇ ಸಂತೆಯಲ್ಲಿ ಎರಡು ಬಗೆಯ ಸೇರು ಇಟ್ಟುಕೊಂಡು ವ್ಯಾಪಾರ ಮಾಡಿದ ಹಾಗೆ. ಇದನ್ನು ಬಗೆಹರಿಸಲೆಂದು 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ಎಂಬಲ್ಲಿ ರಸಾಯನ ವಿಜ್ಞಾನಿಗಳ ದೊಡ್ಡ ಸಮ್ಮೇಳನ ಸೇರಿತು. 26 ವರ್ಷದ ಮೆಂಡಲೀವ್ ಅಲ್ಲಿದ್ದರು. ಇಟಲಿಯ ಕನಿಜಾರೊ ಪರಮಾಣು ತೂಕಗಳನ್ನು ಒಂದೇ ಅಳತೆಗೆ ತರುವ ದಾರಿಯನ್ನು ಸಭೆಯ ಮುಂದಿಟ್ಟರು. ಆ ತೂಕಗಳನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಮೆಂಡಲೀವ್ 1861ರಲ್ಲಿ ಊರಿಗೆ ಮರಳಿದರು. ಬಂದವರೇ ಸಾವಯವ ರಸಾಯನ ವಿಜ್ಞಾನದ ಪಠ್ಯಪುಸ್ತಕವೊಂದನ್ನು ಬರೆದು ಡೆಮಿಡೊವ್ ಪ್ರಶಸ್ತಿ ಪಡೆದರು.

1867ರಲ್ಲಿ ಅವರು ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಸಾಮಾನ್ಯ ರಸಾಯನ ವಿಜ್ಞಾನದ ಪ್ರಾಧ್ಯಾಪಕರಾದರು. ಪಾಠ ಹೇಳಲು ರಷ್ಯನ್ ಭಾಷೆಯಲ್ಲಿ ಮನಸ್ಸಿಗೊಪ್ಪುವ ಪುಸ್ತಕವಿರಲಿಲ್ಲ. ತಾವೇ ಬರೆಯತೊಡಗಿದರು. ರಸಾಯನ ವಿಜ್ಞಾನದ ಮೂಲತತ್ತ್ವಗಳು ಎಂಬರ್ಥದ ಆ ಪುಸ್ತಕದ ಮೊದಲ ಭಾಗ ಮುಗಿದಾಗ ಒಂದು ಕಷ್ಟ ಕಾಣಿಸಿತು. ಆಗ ತಿಳಿದಿದ್ದ ಧಾತುಗಳು 63. ಮೊದಲ ಭಾಗದಲ್ಲಿ ವಿವರವಾಗಿ ಹೇಳಿದ್ದು ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಕಾರ್ಬನ್ ಮತ್ತು ಕ್ಲೋರಿನ್ ಕುಟುಂಬದ ನಾಲ್ಕು ಸೇರಿ ಎಂಟೇ ಎಂಟು. ಇನ್ನೂ 55 ಎರಡನೆಯ ಭಾಗದಲ್ಲಿ ಬರಬೇಕು. ಯಾವ ಕ್ರಮದಲ್ಲಿ? ಒಂದಾದ ಮೇಲೊಂದನ್ನು ಪಟ್ಟಿ ಒಪ್ಪಿಸಿದಂತೆ ಹೇಳಿದರೆ ಮಕ್ಕಳು ಬಾಯಿಪಾಠ ಮಾಡಿಯಾರೇ ಹೊರತು ಅರ್ಥ ಮಾಡಿಕೊಳ್ಳಲಾರರು. ಪಾಠ ಹೇಳಿದವರಿಗೆಲ್ಲ ಈ ಕಷ್ಟ ಗೊತ್ತು. ಅವರು ಅದನ್ನು ಬಿಟ್ಟು ಮುಂದಕ್ಕೆ ಹೋಗಲಿಲ್ಲ.

ಮೊದಲ ಭಾಗದ ಕೊನೆಯಲ್ಲಿದ್ದದ್ದು ಕ್ಲೋರಿನ್ ಕುಟುಂಬ. ಮುಂದಿನ ಭಾಗದ ಆರಂಭಕ್ಕೆ ಸೋಡಿಯಂ ಕುಟುಂಬ. ಸ್ವಭಾವದಲ್ಲಿ ಇವೆರಡೂ ಉತ್ತರ ಧ್ರುವ, ದಕ್ಷಿಣ ಧ್ರುವ. ಆದರೆ ಪರಮಾಣು ತೂಕಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿ. ಫ್ಲೋರಿನ್ 19, ಸೋಡಿಯಂ 23. ಕ್ಲೋರಿನ್ 35.5, ಪೊಟ್ಯಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೋಡಿನ್ 127, ಸೀಸಿಯಂ 133. ಪ್ರತಿ ಸಲವೂ ಕ್ಲೋರಿನ್ ಜಾತಿಯ ಧಾತುವಿನ ನಂತರ ತೂಕದಲ್ಲಿ ಸ್ವಲ್ಪವೇ ಮೇಲೆ ಸೋಡಿಯಂ ಜಾತಿಯದು ನಿಂತಿದೆ. ಇದು ಕಾಕತಾಳೀಯವಲ್ಲ. ಧಾತುಗಳನ್ನೆಲ್ಲ ತೂಕದ ಏರಿಕೆಯ ಕ್ರಮದಲ್ಲಿ ಇಟ್ಟರೆ, ವಾರದ ದಿನಗಳು ಮರಳಿ ಬರುವಂತೆ ಗುಣಗಳು ಮರಳಿ ಮರಳಿ ಬರುತ್ತವೆ.

1869ರ ಫೆಬ್ರವರಿ 17, ನಮ್ಮ ಈಗಿನ ಪಂಚಾಂಗದಂತೆ ಮಾರ್ಚ್ 1. ಆ ದಿನ ಮೆಂಡಲೀವ್ ಹಳ್ಳಿಗಳ ಗಿಣ್ಣು ತಯಾರಿಕೆಯ ಸಹಕಾರಿ ಘಟಕಗಳನ್ನು ನೋಡಲು ಪ್ರವಾಸ ಹೊರಡಬೇಕಿತ್ತು. ಆ ಸಂಬಂಧ ಬಂದ ಪತ್ರದ ಬೆನ್ನಿನ ಮೇಲೆಯೇ ಧಾತುಗಳ ತೂಕಗಳನ್ನು ಗೀಚಿ ಹೋಲಿಸತೊಡಗಿದರು. ಆ ಕಾಗದ ಇಂದಿಗೂ ಉಳಿದಿದೆ. ಧಾತುಗಳ ಹೆಸರನ್ನು ಕಾರ್ಡುಗಳ ಮೇಲೆ ಬರೆದು ಇಸ್ಪೀಟಿನಂತೆ ಜೋಡಿಸಿದರೆಂದೂ, ಕನಸಿನಲ್ಲಿ ಕೋಷ್ಟಕ ಕಂಡರೆಂದೂ ಕಥೆಗಳು ಪ್ರಚಾರದಲ್ಲಿವೆ. ಕನಸಿನ ಕಥೆಯನ್ನು ನಾನು ಮಕ್ಕಳಿಗೆ ಹೇಳುವುದಿಲ್ಲ. ಕಾರ್ಲ್ಸ್‌ರೂಹೆಯ ತೂಕಗಳಿಂದ ಆ ಕಾಗದದವರೆಗೆ ಎಂಟು ವರ್ಷಗಳಿಗೂ ಮೀರಿದ ಎಚ್ಚರದ ದುಡಿಮೆ ಇದೆ. ಅದನ್ನು ನಿದ್ದೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಧಾತುಗಳನ್ನು ಜೋಡಿಸಲು ಪ್ರಯತ್ನಿಸಿದವರು ಇವರೊಬ್ಬರೇ ಅಲ್ಲ. ಜರ್ಮನಿಯ ಲೋಥರ್ ಮೇಯರ್, ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ ಮೊದಲಾದವರೂ ಹತ್ತಿರ ಬಂದಿದ್ದರು. ಮೆಂಡಲೀವ್ ಬೇರೆಯಾಗುವುದು ಅವರ ಧೈರ್ಯದಿಂದ. ಸರಿಯಾದ ಧಾತು ಸಿಗದ ಕಡೆ ಸ್ಥಾನವನ್ನು ಖಾಲಿ ಬಿಟ್ಟರು. ಬೇರೊಂದನ್ನು ಎಳೆದು ತುಂಬಲಿಲ್ಲ. ತೂಕ ಹೊಂದದಿದ್ದರೆ ತೂಕವೇ ಸರಿಯಿಲ್ಲ ಎಂದರು. ಯುರೇನಿಯಂ ತೂಕವನ್ನು ಎಲ್ಲರೂ 120 ಎನ್ನುತ್ತಿದ್ದಾಗ ಇವರು ಅದನ್ನು 240 ಮಾಡಿದರು. ಇಂದಿನ ಅಳತೆ 238.

ಇಷ್ಟು ಧೈರ್ಯ ಎಲ್ಲಿಂದ ಬಂತು? ನನ್ನ ತಿಳಿವಳಿಕೆಯಲ್ಲಿ, ಧಾತು ಎಂದರೇನು ಎಂಬುದನ್ನು ಅವರು ಇತರರಿಗಿಂತ ಸ್ಪಷ್ಟವಾಗಿ ಕಂಡಿದ್ದರಿಂದ. ಧಾತು ಬೇರೆ, ಸರಳ ವಸ್ತು ಬೇರೆ ಎಂದು ಅವರು ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದರು. ಇದು ಪಾಠದಲ್ಲಿ ಸಾಮಾನ್ಯವಾಗಿ ಜಾರಿಹೋಗುವ ಸಂಗತಿ. ಒಲೆಯ ಇದ್ದಿಲು, ಪೆನ್ಸಿಲ್ಲಿನ ಗ್ರಾಫೈಟು, ಉಂಗುರದ ವಜ್ರ ಇವು ಮೂರೂ ಕಾರ್ಬನ್ನೇ. ಆದರೆ ಕಾರ್ಬನ್ ಎಂಬ ಧಾತು ಕಪ್ಪೂ ಅಲ್ಲ, ಹೊಳೆಯುವುದೂ ಅಲ್ಲ, ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ. ಆ ಗುಣಗಳೆಲ್ಲ ಅದು ತೊಟ್ಟ ವೇಷದವು. ಸೋಡಿಯಂ ಲೋಹವನ್ನು ನೀರಿಗೆ ಹಾಕಿದರೆ ಬೆಂಕಿ ಹತ್ತುತ್ತದೆ. ಕ್ಲೋರಿನ್ ಉಸಿರುಗಟ್ಟಿಸುವ ವಿಷಾನಿಲ. ಎರಡೂ ಸೇರಿದ ಉಪ್ಪನ್ನು ನಾವು ದಿನವೂ ಸಾರಿಗೆ ಹಾಕುತ್ತೇವೆ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಮೊಳೆಯ ಪುಡಿ ಇರುವುದಿಲ್ಲ. ಆದರೂ ಅದರಲ್ಲಿ ಕಬ್ಬಿಣವಿದೆ. ಹಾಗಾದರೆ ಉಪ್ಪಿನಲ್ಲೂ ಮಾತ್ರೆಯಲ್ಲೂ ರಕ್ತದಲ್ಲೂ ಬದಲಾಗದೆ ಉಳಿಯುವುದು ಯಾವುದು? ಅದೇ ಧಾತು. ಬಣ್ಣ, ರೂಪ, ರುಚಿ ಎಲ್ಲ ಬದಲಾದರೂ ಎಲ್ಲ ಸಂಯುಕ್ತಗಳ ಒಳಗೂ ತೂಕದ ಸಮೇತ ದಾಟಿ ಬರುವಂಥದ್ದು. ಕಣ್ಣಿಗೆ ಕಾಣುವ ಸರಳ ವಸ್ತುಗಳನ್ನಲ್ಲ, ಈ ಕಾಣದ ಧಾತುಗಳನ್ನು ಅವರು ಕೋಷ್ಟಕದಲ್ಲಿ ಕೂರಿಸಿದರು. ಆದ್ದರಿಂದಲೇ ಯಾರೂ ನೋಡಿರದ ಧಾತುವಿಗೂ ಅವರ ಕೋಷ್ಟಕದಲ್ಲಿ ಜಾಗವಿತ್ತು.

1871ರಲ್ಲಿ ಅವರು ಮೂರು ಖಾಲಿ ಮನೆಗಳ ಯಜಮಾನರನ್ನು ವಿವರವಾಗಿ ಬಣ್ಣಿಸಿದರು. ಹೆಸರು ಇಡುವಾಗ ಅವರು ಬಳಸಿದ್ದು ನಮಗೆ ಚೆನ್ನಾಗಿ ಪರಿಚಯವಿರುವ ಸಂಸ್ಕೃತ ಪದವನ್ನು: ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ಅಂದರೆ ಬೋರಾನ್ ಆದ ಮೇಲೆ ಅದೇ ಕುಟುಂಬದಲ್ಲಿ ಒಂದು ಮನೆ ದಾಟಿ ಇರುವುದು ಎಂದು. ಎರಡು ಮನೆ ದಾಟಿದರೆ ದ್ವಿ. ಆ ಕಾಲದಲ್ಲಿ ಪೀಟರ್ಸ್‌ಬರ್ಗ್ ಸಂಸ್ಕೃತ ವಿದ್ವತ್ತಿಗೆ ಹೆಸರಾದ ಊರು. ಬೋಟ್ಲಿಂಕ್ ಮತ್ತು ರೋತ್ ಎಂಬ ವಿದ್ವಾಂಸರ ಬೃಹತ್ ಸಂಸ್ಕೃತ ನಿಘಂಟು 1855ರಿಂದ 1875ರವರೆಗೆ ಸಂಪುಟ ಸಂಪುಟವಾಗಿ ಅಲ್ಲಿಂದಲೇ ಹೊರಬಂತು. ಹೀಗೆ ನಮ್ಮ ಮಗ್ಗಿಯ ಮೊದಲ ಮಾತು ರಷ್ಯಾದ ರಸಾಯನ ಪಾಠದಲ್ಲಿ ಸೇರಿಕೊಂಡಿತು.

1875ರಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೊದ್ರಾನ್ ಸತುವಿನ ಅದಿರಿನಲ್ಲಿ ಹೊಸ ಧಾತುವೊಂದನ್ನು ಕಂಡು ಗ್ಯಾಲಿಯಂ ಎಂದು ಹೆಸರಿಟ್ಟರು. ಇದೇ ತನ್ನ ಏಕ-ಅಲ್ಯೂಮಿನಿಯಂ ಎಂದು ಮೆಂಡಲೀವ್ ಗುರುತಿಸಿದರು. ಕಂಡುಹಿಡಿದವರು ಸಾಂದ್ರತೆ 4.7 ಎಂದು ಅಳೆದಿದ್ದರು. ಆ ವಸ್ತುವನ್ನು ಕಣ್ಣಿನಿಂದಲೂ ನೋಡಿರದ ಮೆಂಡಲೀವ್, ಅದು ಸುಮಾರು 5.9 ಇರಬೇಕು, ಇನ್ನಷ್ಟು ಶುದ್ಧಿ ಮಾಡಿ ಅಳೆಯಿರಿ ಎಂಬ ಅರ್ಥದಲ್ಲಿ ತಿಳಿಸಿದರು. ಶುದ್ಧಿ ಮಾಡಿ ಅಳೆದಾಗ 5.9 ಬಂತು. ಈ ಗ್ಯಾಲಿಯಂ ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಲೋಹ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಮೇಜಿನ ಮೇಲಿಟ್ಟರೆ ತಾನೇ ನೀರಾಗುತ್ತದೆ. 1879ರಲ್ಲಿ ಸ್ವೀಡನ್ನಿನ ನಿಲ್ಸನ್ ಕಂಡ ಸ್ಕ್ಯಾಂಡಿಯಂ ಏಕ-ಬೋರಾನ್ ಆಯಿತು. 1886ರಲ್ಲಿ ಜರ್ಮನಿಯ ವಿಂಕ್ಲರ್ ಕಂಡ ಜರ್ಮೇನಿಯಂ ಏಕ-ಸಿಲಿಕಾನ್ ಆಯಿತು. ಮೆಂಡಲೀವ್ ಹೇಳಿದ್ದ ಪರಮಾಣು ತೂಕ 72, ಸಾಂದ್ರತೆ 5.5, ಇಂದಿನ ಅಳತೆಗಳು 72.6 ಮತ್ತು 5.3. ಹದಿನೈದು ವರ್ಷಗಳಲ್ಲಿ ಮೂರು ಖಾಲಿ ಮನೆಗಳೂ ತುಂಬಿದವು. 1882ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮೆಂಡಲೀವ್ ಮತ್ತು ಲೋಥರ್ ಮೇಯರ್ ಇಬ್ಬರಿಗೂ ಡೇವಿ ಪದಕ ಕೊಟ್ಟಿತು.

ಸ್ವದೇಶದಲ್ಲಿ ಮರ್ಯಾದೆ ಅಷ್ಟು ಸುಲಭವಾಗಿ ಸಿಗಲಿಲ್ಲ. 1880ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿ ಮತ ಹಾಕಿ ಅವರ ಸದಸ್ಯತ್ವವನ್ನು ನಿರಾಕರಿಸಿತು. ಮನುಷ್ಯ ಸ್ವಲ್ಪ ಮುಂಗೋಪಿ. ವರ್ಷಕ್ಕೊಮ್ಮೆ ಮಾತ್ರ ಕೂದಲು ಕತ್ತರಿಸಿಕೊಳ್ಳುತ್ತಿದ್ದರೆಂದು ಪ್ರಸಿದ್ಧಿ. ಮೊದಲ ಮದುವೆ ಸುಖವಾಗಿರಲಿಲ್ಲ. 1882ರಲ್ಲಿ ಅನ್ನಾ ಪೊಪೊವಾ ಅವರನ್ನು ಮದುವೆಯಾದರು. ಅವರ ಮಗಳು ಲ್ಯುಬೊವ್ ಮುಂದೆ ಕವಿ ಅಲೆಕ್ಸಾಂಡರ್ ಬ್ಲಾಕ್ ಅವರ ಪತ್ನಿಯಾದಳು. 1887ರ ಪೂರ್ಣ ಸೂರ್ಯಗ್ರಹಣದ ದಿನ ಕ್ಲಿನ್ ಎಂಬಲ್ಲಿ ಬಲೂನಿನಲ್ಲಿ ಏರಿ ನೋಡಲು ಹೋದಾಗ, ಮಳೆಗೆ ನೆನೆದ ಬಲೂನು ಇಬ್ಬರನ್ನು ಎತ್ತಲಾರದೆ ಹೋಯಿತು. ಚಾಲಕನನ್ನು ಕೆಳಗಿಳಿಸಿ, ಹಿಂದೆ ಎಂದೂ ಬಲೂನು ನಡೆಸಿರದ 53 ವರ್ಷದ ಪ್ರಾಧ್ಯಾಪಕರು ಒಬ್ಬರೇ ಮೋಡದ ಮೇಲೆ ಹೋಗಿ ಕ್ಷೇಮವಾಗಿ ಇಳಿದರು.

1890ರಲ್ಲಿ ವಿದ್ಯಾರ್ಥಿಗಳು ತಮ್ಮ ಬೇಡಿಕೆಗಳ ಮನವಿಯನ್ನು ಮೆಂಡಲೀವ್ ಕೈಗೆ ಕೊಟ್ಟರು. ಅವರು ಅದನ್ನು ಶಿಕ್ಷಣ ಸಚಿವರಿಗೆ ತಲುಪಿಸಿದರು. ಸಚಿವರು ಸ್ವೀಕರಿಸದೆ ಹಿಂದಿರುಗಿಸಿದರು. ವಿದ್ಯಾರ್ಥಿಗಳ ಮುಂದೆ ಬರಿಗೈಯಲ್ಲಿ ನಿಲ್ಲಲು ಒಪ್ಪದ ಮೇಷ್ಟ್ರು, 23 ವರ್ಷ ಪಾಠ ಹೇಳಿದ್ದ ವಿಶ್ವವಿದ್ಯಾನಿಲಯಕ್ಕೆ ರಾಜೀನಾಮೆ ಕೊಟ್ಟರು. ಕೆಲವೇ ವರ್ಷಗಳಲ್ಲಿ ದೇಶದ ತೂಕ ಮತ್ತು ಅಳತೆಗಳ ಸಂಸ್ಥೆಯ ಮುಖ್ಯಸ್ಥರಾಗಿ, ಕೊನೆಯವರೆಗೂ ಅಲ್ಲಿ ದುಡಿದರು. ರಷ್ಯಾದಲ್ಲಿ ಮೆಟ್ರಿಕ್ ಪದ್ಧತಿಗೆ 1899ರಲ್ಲಿ ಬಾಗಿಲು ತೆರೆದದ್ದು ಅವರ ಶ್ರಮದಿಂದ.

ಇನ್ನು ಅವರ ಬಾಳಿನ ಕಡೆಯ ಅಧ್ಯಾಯ. ಅದನ್ನು ಮುಚ್ಚಿಟ್ಟು ಹೊಗಳಿದರೆ ಪಾಠ ಅರ್ಧವಾಗುತ್ತದೆ. 1894ರಲ್ಲಿ ಗಾಳಿಯಲ್ಲಿ ಆರ್ಗಾನ್ ಎಂಬ ಅನಿಲ ಸಿಕ್ಕಿತು. ಕೋಷ್ಟಕದಲ್ಲಿ ಅದಕ್ಕೆ ಮನೆ ಇರಲಿಲ್ಲ. ಖಾಲಿ ಮನೆಯೂ ಇರಲಿಲ್ಲ. ಮರುವರ್ಷ ಹೀಲಿಯಂ ಭೂಮಿಯ ಮೇಲೆ ದೊರೆಯಿತು. ಹೀಲಿಯಂ ಕಥೆಗೆ ನಮ್ಮ ನಾಡಿನ ನಂಟಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದಿದ್ದರೆ, ಇಂಗ್ಲೆಂಡಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ದೂರದರ್ಶಕ ಹೂಡಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದಾಗ ಹೊಳೆಯುವ ಗೆರೆಗಳು ಕಂಡವು. ಅವುಗಳಲ್ಲಿ ಒಂದು ಹಳದಿ ಗೆರೆ ಭೂಮಿಯ ಯಾವ ಧಾತುವಿಗೂ ಸೇರಿದ್ದಲ್ಲವೆಂದು ಇಂಗ್ಲೆಂಡಿನ ಲಾಕ್ಯರ್ ನಂತರ ತಿಳಿದರು. ಸೂರ್ಯನ ಗ್ರೀಕ್ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ಹೆಸರು ಬಂತು. ಈ ಹೊಸ ಅನಿಲಗಳ ವಿಷಯದಲ್ಲಿ ಮೆಂಡಲೀವ್ ಹಲವು ವರ್ಷ ಹಿಂಜರಿದರು. ಆರ್ಗಾನ್ ನೈಟ್ರೋಜನ್ನಿನದೇ ಬೇರೆ ರೂಪವಿರಬೇಕೆಂದು ಶಂಕಿಸಿದರು. ಕಡೆಗೆ ಒಂದು ಹೊಸ ಕಂಬಸಾಲನ್ನೇ ಸೇರಿಸಿದರೆ ಕೋಷ್ಟಕ ಕೆಡುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ ಎಂದು ಕಂಡ ಮೇಲೆ ಸಂತೋಷದಿಂದ ಒಪ್ಪಿದರು.

ಆದರೆ ಇನ್ನೆರಡನ್ನು ಅವರು ಒಪ್ಪಲಿಲ್ಲ. 1896ರಲ್ಲಿ ವಿಕಿರಣಶೀಲತೆ, 1897ರಲ್ಲಿ ಎಲೆಕ್ಟ್ರಾನ್ ಬೆಳಕಿಗೆ ಬಂದವು. ಪರಮಾಣುವಿಗೆ ಒಳಭಾಗಗಳಿವೆ, ಒಂದು ಧಾತು ಇನ್ನೊಂದು ಧಾತುವಾಗಬಲ್ಲದು ಎಂಬ ಮಾತುಗಳು ಕೇಳಿಬಂದವು. 1902ರಲ್ಲಿ ಪ್ಯಾರಿಸಿಗೆ ಹೋಗಿ ಕ್ಯೂರಿ ದಂಪತಿಗಳ ಪ್ರಯೋಗಾಲಯವನ್ನೂ ನೋಡಿ ಬಂದರು, ಮನಸ್ಸು ಒಲಿಯಲಿಲ್ಲ. ಬದಲಿಗೆ ಹೈಡ್ರೋಜನ್ನಿಗಿಂತ ಹಗುರವಾದ ಒಂದು ಧಾತುವನ್ನು ಕಲ್ಪಿಸಿ ಅದರಿಂದ ಎಲ್ಲವನ್ನೂ ವಿವರಿಸಲು ನೋಡಿದರು. ಅಂಥ ಧಾತು ಇಲ್ಲ. ಎಲ್ಲ ರೂಪಾಂತರಗಳ ನಡುವೆಯೂ ಧಾತು ಬದಲಾಗದೆ ಉಳಿಯುತ್ತದೆ ಎಂಬ ನಂಬಿಕೆಯೇ ಅವರಿಗೆ ಕೋಷ್ಟಕವನ್ನು ಕೊಟ್ಟಿತ್ತು. ಅದೇ ನಂಬಿಕೆ ಅವರನ್ನು ಮುಂದಿನ ಬಾಗಿಲ ಬಳಿ ತಡೆದು ನಿಲ್ಲಿಸಿತು. ನನಗೆ ಇದರಲ್ಲಿ ಅವರ ಸಣ್ಣತನ ಕಾಣುವುದಿಲ್ಲ. ಒಂದು ವಿಚಾರಕ್ಕೆ ಬದುಕನ್ನೇ ಕೊಟ್ಟವರಿಗೆ ಅದರಿಂದ ಹೊರಬರುವುದು ಎಷ್ಟು ಕಷ್ಟ ಎಂಬುದು ಕಾಣುತ್ತದೆ.

1906ರ ನೊಬೆಲ್ ಬಹುಮಾನಕ್ಕೆ ರಸಾಯನ ವಿಜ್ಞಾನದ ಸಮಿತಿ ಅವರ ಹೆಸರನ್ನು ಶಿಫಾರಸು ಮಾಡಿತ್ತು. ಸ್ವೀಡನ್ನಿನ ಅಕಾಡೆಮಿ ಅದನ್ನು ಬದಲಿಸಿ ಫ್ರಾನ್ಸಿನ ಮೊಯ್ಸಾನ್ ಅವರಿಗೆ ಕೊಟ್ಟಿತು. 1907ರ ಫೆಬ್ರವರಿ 2ರಂದು, 73 ತುಂಬಲು ಆರು ದಿನ ಇರುವಾಗ, ಮೆಂಡಲೀವ್ ತೀರಿಕೊಂಡರು. ಶವಯಾತ್ರೆಯಲ್ಲಿ ವಿದ್ಯಾರ್ಥಿಗಳು ಆವರ್ತ ಕೋಷ್ಟಕವನ್ನು ಎತ್ತಿ ಹಿಡಿದು ನಡೆದರು. ತಾಯಿ ಮಲಗಿದ್ದ ವೊಲ್ಕೊವೊ ಸ್ಮಶಾನದಲ್ಲೇ ಮಗನ ಸಮಾಧಿಯೂ ಆಯಿತು.

ಅವರು ಬಿಟ್ಟುಹೋದ ಒಂದು ಒಗಟು ಬಾಕಿ ಇತ್ತು. ಟೆಲ್ಯೂರಿಯಂ ತೂಕ ಸುಮಾರು 128, ಅಯೋಡಿನ್ ತೂಕ 127. ತೂಕದ ಕ್ರಮ ನೋಡಿದರೆ ಅಯೋಡಿನ್ ಮೊದಲು ಬರಬೇಕು. ಗುಣ ನೋಡಿದರೆ ಟೆಲ್ಯೂರಿಯಂ ಮೊದಲು. ಮೆಂಡಲೀವ್ ಗುಣದ ಪಕ್ಷ ಹಿಡಿದು, ಟೆಲ್ಯೂರಿಯಂ ತೂಕ ತಪ್ಪಿರಬೇಕು ಎಂದರು. ತೂಕ ತಪ್ಪಿರಲಿಲ್ಲ. 1913ರಲ್ಲಿ ಇಂಗ್ಲೆಂಡಿನ ತರುಣ ಹೆನ್ರಿ ಮೋಸ್ಲೆ ಧಾತುಗಳು ಹೊರಸೂಸುವ ಎಕ್ಸ್-ಕಿರಣಗಳನ್ನು ಅಳೆದಾಗ ಉತ್ತರ ಸಿಕ್ಕಿತು. ಧಾತುವನ್ನು ಗೊತ್ತುಮಾಡುವುದು ತೂಕವಲ್ಲ, ಪರಮಾಣುವಿನ ಬೀಜದಲ್ಲಿರುವ ಧನ ವಿದ್ಯುದಂಶಗಳ ಎಣಿಕೆ. ಅದನ್ನೇ ನಾವು ಪರಮಾಣು ಸಂಖ್ಯೆ ಎನ್ನುತ್ತೇವೆ. ಟೆಲ್ಯೂರಿಯಂ 52, ಅಯೋಡಿನ್ 53. ಮೆಂಡಲೀವ್ ಕೂರಿಸಿದ ಕ್ರಮವೇ ಸರಿ. ಅವರು ಕೊಟ್ಟ ಕಾರಣ ಮಾತ್ರ ಬೇರೆ. ಎಣಿಕೆ ಬಂದ ಮೇಲೆ ಎಲ್ಲಿ ಇನ್ನೂ ಧಾತು ಸಿಗಬೇಕು ಎಂಬುದೂ ಖಚಿತವಾಯಿತು. 43, 61, 75 ಮೊದಲಾದ ಮನೆಗಳು ಖಾಲಿ ಇದ್ದವು. ಮೋಸ್ಲೆ 1915ರಲ್ಲಿ ಮಹಾಯುದ್ಧದ ಗಲ್ಲಿಪೊಲಿ ರಣರಂಗದಲ್ಲಿ ಮಡಿದರು. ವಯಸ್ಸು 27.

ಈಗ ಧಾತುವಿನ ವ್ಯಾಖ್ಯೆ ಒಂದೇ ಸಾಲಿನದು: ಬೀಜದಲ್ಲಿ ಒಂದೇ ಸಂಖ್ಯೆಯ ಪ್ರೋಟಾನುಗಳಿರುವ ಪರಮಾಣುಗಳೆಲ್ಲ ಒಂದು ಧಾತು. 6 ಇದ್ದರೆ ಕಾರ್ಬನ್. 79 ಇದ್ದರೆ ನಮ್ಮ ಕೋಲಾರ, ಹಟ್ಟಿಗಳ ಚಿನ್ನ. ನ್ಯೂಟ್ರಾನುಗಳ ಸಂಖ್ಯೆ ಹೆಚ್ಚುಕಡಿಮೆಯಾಗಿ ತೂಕ ಬದಲಾದರೂ ಹೆಸರು ಬದಲಾಗುವುದಿಲ್ಲ. ಕ್ಲೋರಿನ್ ತೂಕ 35.5 ಎಂಬ ಅರೆ ಸಂಖ್ಯೆ ಬರುವುದೂ 35 ಮತ್ತು 37 ತೂಕದ ಎರಡು ಬಗೆಯ ಪರಮಾಣುಗಳು ಬೆರೆತಿರುವುದರಿಂದ. ಉಪ್ಪಿನ ಸೋಡಿಯಂಗೂ ಲೋಹದ ಸೋಡಿಯಂಗೂ ಹೊರಗಿನ ಎಲೆಕ್ಟ್ರಾನುಗಳಲ್ಲಿ ವ್ಯತ್ಯಾಸವಿದೆ, ಬೀಜದ 11 ಪ್ರೋಟಾನುಗಳಲ್ಲಿ ಇಲ್ಲ. ಎಲ್ಲ ವೇಷಗಳ ಒಳಗೂ ಬದಲಾಗದೆ ದಾಟಿಬರುವುದು ಒಂದಿದೆ ಎಂದು ಮೆಂಡಲೀವ್ ಹೇಳಿದ್ದು ನಿಜವಾಯಿತು. ಅದು ಇರುವ ಜಾಗ ಮಾತ್ರ ಅವರು ನಂಬಲು ಒಪ್ಪದ ಪರಮಾಣುವಿನ ಒಳಮನೆಯಲ್ಲಿತ್ತು.

1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ 101ನೆಯ ಧಾತುವನ್ನು ತಯಾರಿಸಿದರು. ಸಿಕ್ಕಿದ್ದು ಒಟ್ಟು 17 ಪರಮಾಣುಗಳು. ರಷ್ಯಾ ಮತ್ತು ಅಮೆರಿಕ ಪರಸ್ಪರ ಮುಖ ನೋಡದಿದ್ದ ದಿನಗಳು ಅವು. ಆದರೂ ಅಮೆರಿಕದ ವಿಜ್ಞಾನಿಗಳು ಅದಕ್ಕೆ ಮೆಂಡಲೀವಿಯಂ ಎಂದು ಹೆಸರಿಟ್ಟರು. ಅದು ಒಂದು ಧಾತುವನ್ನು ಇನ್ನೊಂದಾಗಿ ಮಾರ್ಪಡಿಸಿ ಪಡೆದ ಧಾತು, ಅಂದರೆ ಮೆಂಡಲೀವ್ ಆಗದು ಎಂದಿದ್ದ ಕೆಲಸದ ಫಲ. ಕೈಯಲ್ಲಿ ಹಿಡಿದು ನೋಡುವಷ್ಟು ಮೆಂಡಲೀವಿಯಂ ಲೋಹವನ್ನು ಇಂದಿಗೂ ಯಾರೂ ಕಂಡಿಲ್ಲ. ಅದರ ಬಣ್ಣ, ಹೊಳಪು ಯಾವುದೂ ಕಣ್ಣಿಗೆ ಬಿದ್ದಿಲ್ಲ. ಆದರೂ ಅದು ಧಾತು, ಕೋಷ್ಟಕದಲ್ಲಿ ಅದಕ್ಕೆ ಖಾಯಂ ಮನೆ ಇದೆ. ಕಾಣುವ ವಸ್ತುವೇ ಧಾತುವಲ್ಲ ಎಂಬ ಅವರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಇಂದು ಕೋಷ್ಟಕದಲ್ಲಿ 118 ಧಾತುಗಳಿವೆ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಮಕ್ಕಳು, ಮೊಮ್ಮಕ್ಕಳು ಈಗ ಅದೇ ಪಾಠವನ್ನು ಓದುತ್ತಿರಬಹುದು. ಅವರು ಮೊದಲ ಇಪ್ಪತ್ತು ಧಾತುಗಳನ್ನು ಬಾಯಿಪಾಠ ಒಪ್ಪಿಸಿದಾಗ, ಉಪ್ಪಿನ ಡಬ್ಬಿಯನ್ನು ಎದುರಿಗಿಟ್ಟು ಇದರಲ್ಲಿರುವ ಸೋಡಿಯಂ ಏಕೆ ಉರಿಯುವುದಿಲ್ಲ ಎಂದು ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಹುಡುಕಲು ಅವರು ಪುಸ್ತಕ ತೆರೆದರೆ, ಮಗನನ್ನು ಓದಿಸಲು 2000 ಕಿಲೋಮೀಟರ್ ಕುದುರೆಗಾಡಿಯಲ್ಲಿ ಕರೆದುಕೊಂಡು ಬಂದ ಆ ತಾಯಿಯ ಕಥೆಯನ್ನೂ ಜೊತೆಗೆ ಹೇಳಿ.